ಗಿನಿ: ನಾಣ್ಯ, ಕೋಳಿ, ಹುಲ್ಲು ಹಂಚಿಕೊಂಡ ಒಂದು ಹೆಸರಿನ ಪ್ರಕರಣ

ಗಿನಿಪಿಗ್‌ಗೆ ಆ ಹೆಸರು ಹೇಗೆ ಬಂತು ಎಂದು ಕೇಳಿದರೆ ಸಿದ್ಧ ಉತ್ತರವೊಂದು ಸಿಗುತ್ತದೆ: ಇಂಗ್ಲೆಂಡಿನಲ್ಲಿ ಮೊದಮೊದಲು ಈ ಪ್ರಾಣಿಯ ಬೆಲೆ ಒಂದು ಗಿನಿ ನಾಣ್ಯ, ಅದಕ್ಕೇ ಗಿನಿಪಿಗ್. ರಸಪ್ರಶ್ನೆಗೆ ಹೇಳಿ ಮಾಡಿಸಿದಂತಿದೆ. ಅದನ್ನು ಕೆಡವಲು ಎರಡು ಇಸವಿ ಸಾಕು. ದೇಹದಲ್ಲಿ ರಕ್ತ ಸುತ್ತುವ ಬಗೆಯನ್ನು ವಿವರಿಸಿದ ವೈದ್ಯ ವಿಲಿಯಂ ಹಾರ್ವೆ ಪ್ರಾಣಿಗಳ ಹುಟ್ಟಿನ ಬಗ್ಗೆ ಲ್ಯಾಟಿನ್‌ನಲ್ಲಿ ಬರೆದ ಗ್ರಂಥ 1653ರಲ್ಲಿ ಇಂಗ್ಲಿಷಿಗೆ ಬಂತು. ಅದರಲ್ಲಿ ‘ಗಿನ್ನಿ ಪಿಗ್’ ಎಂಬ ಮಾತು ಅಚ್ಚಾಗಿದೆ. ಗಿನಿ ನಾಣ್ಯ ಲಂಡನ್ನಿನ ಟಂಕಸಾಲೆಯಿಂದ ಹೊರಬಿದ್ದದ್ದು 1663ರಲ್ಲಿ. ಇನ್ನೂ ಹುಟ್ಟದ ನಾಣ್ಯದ ಹೆಸರನ್ನು ಹತ್ತು ವರ್ಷ ಮುಂಚೆಯೇ ಪ್ರಾಣಿಗೆ ಇಡುವುದು ಸಾಧ್ಯವಿಲ್ಲ.

ನಾಣ್ಯದಿಂದ ಪ್ರಾಣಿಗೆ ಹೆಸರು ಬರಲಿಲ್ಲ ಎಂದಾದರೆ ಇನ್ನೆಲ್ಲಿಂದ? ಪ್ರಶ್ನೆ ಅಲ್ಲಿಗೇ ನಿಲ್ಲುವುದಿಲ್ಲ. ಗಿನಿಕೋಳಿ ಇದೆ, ಹಸುವಿಗೆ ಹಾಕುವ ಗಿನಿ ಹುಲ್ಲು ಇದೆ, ಆಫ್ರಿಕಾದ ಇಂಗ್ಲಿಷಿನಲ್ಲಿ ನಮ್ಮ ಜೋಳಕ್ಕೆ ‘ಗಿನಿ ಕಾರ್ನ್’ ಎನ್ನುತ್ತಾರೆ, ನಾರುಹುಣ್ಣಿನ ಹುಳುವಿಗೆ ‘ಗಿನಿ ವರ್ಮ್’ ಎನ್ನುತ್ತಾರೆ. ಹಳೆಯ ವ್ಯಾಪಾರದ ಲೆಕ್ಕಪುಸ್ತಕಗಳಲ್ಲಿ ಗಿನಿ ಬಟ್ಟೆಯೂ ಸಿಗುತ್ತದೆ. ಬೇರು ಒಂದೇ, ಆದರೆ ಪ್ರತಿಯೊಂದಕ್ಕೂ ಹೆಸರು ಅಂಟಿದ ಬಗೆ ಬೇರೆ. ‘ಎಲ್ಲವೂ ಗಿನಿ ದೇಶದಿಂದ ಬಂದವು’ ಎಂದು ಒಂದೇ ಸಾಲಿನಲ್ಲಿ ಮುಗಿಸುವ ನಿಘಂಟು ಅರ್ಧದಷ್ಟು ಕಡೆ ತಪ್ಪುತ್ತದೆ.

ಇಂಥ ಹೆಸರನ್ನು ಪರೀಕ್ಷಿಸಲು ನಾಲ್ಕು ವಿಷಯ ಕಲೆಹಾಕಬೇಕು. ಹೆಸರು ಮೊದಲು ಬರಹದಲ್ಲಿ ಕಂಡ ಇಸವಿ ಒಂದು. ಆ ವಸ್ತುವಿನ ಅಥವಾ ಜೀವಿಯ ನಿಜವಾದ ತವರು ಇನ್ನೊಂದು. ಅದು ಯಾವ ಹಡಗಿನ ದಾರಿಯಲ್ಲಿ ಸಾಗಿತು ಎಂಬುದು ಮೂರನೆಯದು. ಅದೇ ಜೀವಿಗೆ ಅಕ್ಕಪಕ್ಕದ ಭಾಷೆಗಳು ಏನೆನ್ನುತ್ತವೆ ಎಂಬುದು ನಾಲ್ಕನೆಯದು. ಹೆಚ್ಚಿನವರು ಮೊದಲ ಎರಡನ್ನು ನೋಡಿ ತೀರ್ಮಾನಕ್ಕೆ ಬರುತ್ತಾರೆ. ಹೆಚ್ಚು ಫಲ ಕೊಡುವುದು ನಾಲ್ಕನೆಯದು.

ಬೇರು

ಇಂಗ್ಲಿಷಿನವರಿಗೆ ಈ ಪದ ಪೋರ್ಚುಗೀಸರ ‘ಗಿನೆ’ಯಿಂದ ಬಂತು. 15ನೇ ಶತಮಾನದ ನಡುವಿನಲ್ಲಿ ಪೋರ್ಚುಗೀಸ್ ನಾವಿಕರು ಆಫ್ರಿಕಾದ ಪಶ್ಚಿಮ ಕರಾವಳಿಯಗುಂಟ ದಕ್ಷಿಣಕ್ಕೆ ಇಳಿದಾಗ ಸೆನೆಗಲ್ ನದಿ ಅವರಿಗೆ ಗಡಿಯಂತೆ ಕಂಡಿತು. ನದಿಯ ಉತ್ತರಕ್ಕೆ ಮರುಭೂಮಿಯ ಬೆರ್ಬರ್ ಜನ, ದಕ್ಷಿಣಕ್ಕೆ ಕಪ್ಪು ಜನರ ನಾಡು. ಆ ನಾಡು ಗಿನೆ. ಆ ಕಾಲದ ಪೋರ್ಚುಗೀಸ್ ಚರಿತ್ರೆಕಾರ ಝುರಾರಾನ ಬರಹದಲ್ಲೂ ಪದ ಇದೇ ಅರ್ಥದಲ್ಲಿದೆ.

ಆದರೆ ಪದ ಪೋರ್ಚುಗೀಸರ ಸೃಷ್ಟಿಯಲ್ಲ. 1375ರ ಸುಮಾರಿಗೆ ಮಯೋರ್ಕಾ ದ್ವೀಪದಲ್ಲಿ ಬರೆದ ಕ್ಯಾಟಲನ್ ಭೂಪಟದಲ್ಲಿ ಕೈಯಲ್ಲಿ ಚಿನ್ನದ ಉಂಡೆ ಹಿಡಿದು ಕುಳಿತ ಮಾಲಿಯ ದೊರೆ ಮೂಸಾನ ಚಿತ್ರವಿದೆ. ಪಕ್ಕದ ಬರಹ ಅವನನ್ನು ‘ಗಿನೇವಾದ ಕಪ್ಪು ಜನರ ಒಡೆಯ’ ಎನ್ನುತ್ತದೆ. ಪೋರ್ಚುಗೀಸರ ಹಡಗುಗಳು ಅಲ್ಲಿಗೆ ಮುಟ್ಟುವ ಸುಮಾರು ಎಪ್ಪತ್ತು ವರ್ಷ ಮೊದಲೇ, ಸಹಾರಾ ದಾಟಿ ಬಂದ ಒಂಟೆ ಸಾಲುಗಳ ಜೊತೆ ಹೆಸರು ಮೆಡಿಟರೇನಿಯನ್ ತೀರ ತಲುಪಿತ್ತು.

ಅದಕ್ಕೂ ಹಿಂದೆ ಹೋದರೆ ಮೂರು ವಾದಗಳಿವೆ. ಹಳೆಯ ಘಾನಾ ಸಾಮ್ರಾಜ್ಯದ ಹೆಸರೇ ಹೀಗೆ ತಿರುಗಿತು ಎಂಬುದು ಒಂದು. ನೈಜರ್ ನದಿಯ ಕಡೆಯ ಜೆನ್ನೆ ಪಟ್ಟಣದ ಹೆಸರು ಎಂಬುದು ಇನ್ನೊಂದು. 1526ರಲ್ಲಿ ಬರೆದು 1550ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಪ್ರವಾಸಿ ಲಿಯೋ ಆಫ್ರಿಕಾನಸನ ವರ್ಣನೆ ಈ ಎರಡನೆಯ ವಾದಕ್ಕೆ ಆಧಾರ. ಜೆನ್ನೆಯ ಜ-ಕಾರ ಗಿನೆಯ ಗ-ಕಾರ ಆಗಬೇಕು ಎಂಬಲ್ಲಿ ಅದು ಕುಂಟುತ್ತದೆ. ಮೂರನೆಯದು ಬೆರ್ಬರ್ ಮೂಲ: ‘ಅಗ್ನಾವ್’ ಎಂದರೆ ಕಪ್ಪು ಮನುಷ್ಯ, ಬಹುವಚನ ‘ಇಗ್ನಾವೆನ್’. ಮೊರಾಕೊದ ಗ್ನಾವಾ ಸಂಗೀತಗಾರರ ಹೆಸರು, ಮರಕೇಶ್ ನಗರದ 12ನೇ ಶತಮಾನದ ಬಾಬ್ ಅಗ್ನಾವ್ ಹೆಬ್ಬಾಗಿಲಿನ ಹೆಸರು ಈ ಕುಟುಂಬಕ್ಕೇ ಸೇರಿದವು ಎಂಬುದು ಈ ವಾದದ ಬಲ. ಪೋರ್ಚುಗೀಸರು ಪದವನ್ನು ಮೊದಲು ಜನರಿಗೂ ಆಮೇಲೆ ಅವರ ನೆಲಕ್ಕೂ ಬಳಸಿದ್ದನ್ನು ನೋಡಿದರೆ ಮೂರನೆಯದೇ ಹೆಚ್ಚು ಕೂಡಿಬರುತ್ತದೆ. ಪಟ್ಟಣದ ಹೆಸರಾಗಿದ್ದರೆ ದಾರಿ ತಿರುಗುಮುರುಗಾಗಿ, ನೆಲದಿಂದ ಜನರ ಕಡೆಗೆ ಹೋಗಬೇಕಿತ್ತು.

ಗಮನಿಸಬೇಕಾದದ್ದು, ಆಗಿನ ಗಿನಿ ಇವತ್ತಿನ ಗಿನಿ ದೇಶವಲ್ಲ. ಸೆನೆಗಲ್‌ನಿಂದ ಅಂಗೋಲಾದ ಆಸುಪಾಸಿನವರೆಗೆ ಸಾವಿರಾರು ಮೈಲಿ ಕರಾವಳಿಗೆ ಒಂದೇ ಹೆಸರು. ಇವತ್ತಿನ ಗಿನಿ 1958ರಲ್ಲಿ ಫ್ರಾನ್ಸಿನಿಂದ, ಈಕ್ವಟೋರಿಯಲ್ ಗಿನಿ 1968ರಲ್ಲಿ ಸ್ಪೇನಿನಿಂದ ಸ್ವತಂತ್ರವಾದವು. ಗಿನಿ-ಬಿಸ್ಸಾವ್‌ನ ಸ್ವಾತಂತ್ರ್ಯವನ್ನು ಪೋರ್ಚುಗಲ್ 1974ರಲ್ಲಿ ಒಪ್ಪಿತು. ಒಂದು ದೊಡ್ಡ ಬಟ್ಟೆಯ ಮೂರು ತುಂಡುಗಳಿದ್ದಂತೆ. ಗಿನಿ ನಾಣ್ಯದ ಚಿನ್ನ ಬಂದದ್ದು ಈ ಮೂರರಲ್ಲಿ ಯಾವುದರಿಂದಲೂ ಅಲ್ಲ, ಈಗಿನ ಘಾನಾದ ಕರಾವಳಿಯಿಂದ. 1482ರಲ್ಲಿ ಪೋರ್ಚುಗೀಸರು ಅಲ್ಲಿ ಕಟ್ಟಿದ ಕೋಟೆಗೆ ‘ಮಿನಾ’, ಅಂದರೆ ಗಣಿ ಎಂದೇ ಹೆಸರು. ಈಗಿನ ಎಲ್ಮಿನಾ ಅದೇ.

ನಾಣ್ಯ

ಎರಡನೇ ಚಾರ್ಲ್ಸ್ ದೊರೆ 1660ರಲ್ಲಿ ಆಫ್ರಿಕಾ ವ್ಯಾಪಾರಕ್ಕೆಂದು ಕಂಪನಿಯೊಂದಕ್ಕೆ ಸನ್ನದು ಕೊಟ್ಟ. ಚಿನ್ನ, ದಂತ, ಬಹುಬೇಗ ಗುಲಾಮರ ಸಾಗಾಟ ಅದರ ಕೆಲಸ. 1672ರಲ್ಲಿ ಅದರ ಜಾಗಕ್ಕೆ ರಾಯಲ್ ಆಫ್ರಿಕನ್ ಕಂಪನಿ ಬಂತು. ಕಂಪನಿ ತಂದ ಚಿನ್ನದಿಂದ ಹೊಡೆದ ನಾಣ್ಯಗಳಲ್ಲಿ ದೊರೆಯ ತಲೆಯ ಕೆಳಗೆ ಪುಟ್ಟ ಆನೆಯ ಗುರುತು ಹಾಕಿದರು. ಕೆಲವದರಲ್ಲಿ ಆನೆಯ ಬೆನ್ನ ಮೇಲೆ ಅಂಬಾರಿಯಂಥ ಕೋಟೆಯೂ ಇದೆ. ಸುತ್ತಿಗೆಯಲ್ಲಿ ಬಡಿಯುವ ಹಳೆಯ ಪದ್ಧತಿ ಬಿಟ್ಟು ಯಂತ್ರದಲ್ಲಿ ಒತ್ತಿದ ನಾಣ್ಯ ಇದು. ಅಂಚು ಕತ್ತರಿಸಿ ಚಿನ್ನ ಕದಿಯುವವರಿಗೆ ತಡೆಯಾಗಲೆಂದು ಅಂಚಿಗೆ ಕಚ್ಚು ಹಾಕುತ್ತಿದ್ದರು.

ಗಿನಿ ಎಂಬುದು ಸರ್ಕಾರ ಇಟ್ಟ ಹೆಸರಲ್ಲ. ಅಧಿಕೃತವಾಗಿ ಅದು ಇಪ್ಪತ್ತು ಶಿಲಿಂಗಿನ, ಅಂದರೆ ಒಂದು ಪೌಂಡಿನ, ಚಿನ್ನದ ನಾಣ್ಯ. ಮೈಮೇಲೆ ಬೆಲೆ ಬರೆದೇ ಇರಲಿಲ್ಲ. ಜನ ಚಿನ್ನದ ಮೂಲ ನೋಡಿ ಗಿನಿ ಎಂದರು, ಅದೇ ನಿಂತಿತು. ಬೆಲೆ ಬರೆಯದೆ ಬಿಟ್ಟದ್ದು ಮುಂದೆ ಉಪಕಾರವೇ ಆಯಿತು, ಏಕೆಂದರೆ ಬೆಲೆ ನಿಂತಲ್ಲಿ ನಿಲ್ಲಲಿಲ್ಲ.

ತೂಕದ ಲೆಕ್ಕ ಹೀಗೆ. 22 ಕ್ಯಾರಟ್ ಚಿನ್ನದ ಒಂದು ಟ್ರಾಯ್ ಪೌಂಡಿನಿಂದ, ಅಂದರೆ 373.24 ಗ್ರಾಂನಿಂದ, 44½ ಗಿನಿ. ಒಂದಕ್ಕೆ 8.39 ಗ್ರಾಂ. ಅದರಲ್ಲಿ ಅಪ್ಪಟ ಚಿನ್ನ 24ರಲ್ಲಿ 22 ಪಾಲು, ಸುಮಾರು 7.69 ಗ್ರಾಂ. ಇವತ್ತು ಒಡವೆಯ ಮೇಲೆ ಕಾಣುವ 916 ಮುದ್ರೆಯ ಪ್ರಮಾಣವೂ ಇದೇ. ಬಂಗಾಳಿಯಲ್ಲಿ 22 ಕ್ಯಾರಟ್ ಚಿನ್ನಕ್ಕೆ ‘ಗಿನಿ ಶೋನಾ’ ಎಂಬ ಮಾತು ಉಳಿದಿರುವುದು ಅದಕ್ಕೇ.

ಬೆಲೆ ಕೆಟ್ಟದ್ದು ಚಿನ್ನದಿಂದಲ್ಲ, ಬೆಳ್ಳಿಯಿಂದ. ಚಲಾವಣೆಯಲ್ಲಿದ್ದ ಹಳೆಯ ಬೆಳ್ಳಿ ಶಿಲಿಂಗುಗಳನ್ನು ಜನ ಅಂಚು ಸವರಿ ಸವರಿ ಹಗುರ ಮಾಡಿದ್ದರು. ಹಗುರ ಶಿಲಿಂಗು ಕೊಟ್ಟು ತೂಕದ ಗಿನಿ ಕೊಳ್ಳುವಾಗ ಹೆಚ್ಚು ಶಿಲಿಂಗು ಬೇಕಾಯಿತು. 1695ರ ಹೊತ್ತಿಗೆ ಒಂದು ಗಿನಿಗೆ 30 ಶಿಲಿಂಗ್. ಮರುವರ್ಷದಿಂದ ಬೆಳ್ಳಿಯನ್ನೆಲ್ಲ ವಾಪಸು ತರಿಸಿ ಹೊಸದಾಗಿ ಹೊಡೆದ ಮೇಲೆ 21½ಕ್ಕೆ ಇಳಿಯಿತು. ಟಂಕಸಾಲೆಯ ಮುಖ್ಯಸ್ಥನಾಗಿದ್ದ ಐಸಾಕ್ ನ್ಯೂಟನ್ 1717ರಲ್ಲಿ ವರದಿ ಕೊಟ್ಟ. ಇಂಗ್ಲೆಂಡಿನಲ್ಲಿ ಚಿನ್ನಕ್ಕೆ ಬೆಲೆ ಹೆಚ್ಚು, ಭಾರತ ಮತ್ತು ಚೀನಾದಲ್ಲಿ ಕಡಿಮೆ, ಹಾಗಾಗಿ ಬೆಳ್ಳಿ ಪೂರ್ವಕ್ಕೆ ಹರಿದುಹೋಗುತ್ತಿದೆ ಎಂಬುದು ಅದರ ಸಾರ. ಆ ವರ್ಷದ ಡಿಸೆಂಬರಿನಲ್ಲಿ ಗಿನಿಯ ಬೆಲೆ 21 ಶಿಲಿಂಗ್ ಎಂದು ಗೊತ್ತುಮಾಡಿದರು. ಇಳಿಸಿದ್ದು ಸಾಲಲಿಲ್ಲ, ಬೆಳ್ಳಿ ಹೋಗುತ್ತಲೇ ಇತ್ತು, ಉಳಿದ ಚಿನ್ನವೇ ಆ ದೇಶದ ನಿಜವಾದ ಹಣವಾಯಿತು.

ಅಷ್ಟರಲ್ಲಿ ಹೆಸರು ಲೋಹವನ್ನು ಬಿಟ್ಟು ನಡೆದಿತ್ತು. 1729ರ ಕೆಲವು ಗಿನಿಗಳ ಮೇಲೆ ಆನೆಯಿಲ್ಲ, ‘ಇ.ಐ.ಸಿ.’ ಎಂಬ ಮೂರಕ್ಷರವಿದೆ. ಆ ಚಿನ್ನ ಈಸ್ಟ್ ಇಂಡಿಯಾ ಕಂಪನಿ ತಂದದ್ದು. ಗಿನಿಯ ಚಿನ್ನವಲ್ಲದ ಗಿನಿ.

ಕೊನೆಯ ಗಿನಿಗಳನ್ನು 1813ರಲ್ಲಿ ಬ್ರಿಟಿಷ್ ಸೇನಾಪತಿ ವೆಲಿಂಗ್ಟನ್ನನ ಸೈನ್ಯದ ಖರ್ಚಿಗೆಂದು ಹೊಡೆದರು. 1817ರಲ್ಲಿ ಬಂದ ಸಾವರಿನ್ ಸರಿಯಾಗಿ 20 ಶಿಲಿಂಗಿನದು, 7.99 ಗ್ರಾಂ. ಗಿನಿಯ ತೂಕವನ್ನು 21ರಿಂದ ಭಾಗಿಸಿ 20ರಿಂದ ಗುಣಿಸಿದರೆ ಬರುವುದೂ ಇದೇ ಅಂಕಿ. ನಮ್ಮ ಕರಾವಳಿಯ ಚಿನಿವಾರರ ಅಂಗಡಿಯಲ್ಲಿ ಒಂದು ‘ಪವನ್’ ಎಂದರೆ ಎಂಟು ಗ್ರಾಂ. ಅದರ ಹಿಂದಿರುವುದು ಈ ಸಾವರಿನ್. ತಮಾಷೆಯೆಂದರೆ ಹಿಂದಿ, ಮರಾಠಿ, ಗುಜರಾತಿಗಳಲ್ಲಿ ಈ ಸಾವರಿನ್ನಿಗೇ ‘ಗಿನ್ನಿ’ ಎನ್ನುತ್ತಾರೆ. ಹಳೆಯ ಪತ್ರಗಳಲ್ಲಿ ಗಿನ್ನಿ ಎಂಬ ಪದ ಕಂಡ ಕೂಡಲೇ 8.39 ಗ್ರಾಂ ಎಂದು ಲೆಕ್ಕ ಹಾಕಿದರೆ ನಾಣ್ಯಕ್ಕೆ 0.4 ಗ್ರಾಂ ತಪ್ಪುತ್ತದೆ. ಇಸವಿ 1817ರ ಈಚಿನದಾದರೆ ಅದು ಬಹುಮಟ್ಟಿಗೆ ಸಾವರಿನ್ನೇ.

ಇಂಗ್ಲೆಂಡಿನಲ್ಲಿ ಮಾತ್ರ ನಾಣ್ಯ ಸತ್ತರೂ ಲೆಕ್ಕ ಬದುಕಿತು. ವೈದ್ಯರ, ವಕೀಲರ ಶುಲ್ಕ ಗಿನಿಯಲ್ಲಿ, ಕುದುರೆಯ ಬೆಲೆ ಗಿನಿಯಲ್ಲಿ. ಕುದುರೆ ಹರಾಜಿನಲ್ಲಿ ಈಗಲೂ ಒಂದು ಗಿನಿ ಎಂದರೆ 1.05 ಪೌಂಡ್. ಪೌಂಡು ಮಾರಿದವನಿಗೆ, ಮೇಲಿನ ಐದು ಪೆನ್ಸ್ ಹರಾಜಿನವರಿಗೆ ಎಂಬುದು ಹಳೆಯ ವಾಡಿಕೆ. ಮುಂಬೈಯ ಮಹಾಲಕ್ಷ್ಮಿ ರೇಸ್‌ಕೋರ್ಸಿನಲ್ಲಿ ಓಡುವ ಇಂಡಿಯನ್ 2000 ಗಿನೀಸ್ ಹೆಸರೂ 1809ರಲ್ಲಿ ನ್ಯೂಮಾರ್ಕೆಟ್‌ನಲ್ಲಿ ಶುರುವಾದ ಓಟದ ನಕಲು.

ಹೀಗೆ ನಾಣ್ಯದ ಮಟ್ಟಿಗೆ ಹೆಸರು ನೇರ. ಊರಿನಿಂದ ಲೋಹಕ್ಕೆ, ಲೋಹದಿಂದ ನಾಣ್ಯಕ್ಕೆ, ನಾಣ್ಯದಿಂದ ಲೆಕ್ಕಕ್ಕೆ. ಕನ್ನಡದ ‘ವರಾಹ’ವೂ ನಾಣ್ಯ ಮತ್ತು ಪ್ರಾಣಿ ಎರಡಕ್ಕೂ ಸಲ್ಲುವ ಪದ, ಆದರೆ ಅದರ ದಾರಿ ಬೇರೆ. ಚಾಲುಕ್ಯರ ಲಾಂಛನದ ಹಂದಿ ಚಿನ್ನದ ಮೇಲೆ ಕೂತಿತು, ಚಿತ್ರದ ಹೆಸರೇ ನಾಣ್ಯದ ಹೆಸರಾಯಿತು. ಅಲ್ಲಿ ಹಂದಿಗೂ ನಾಣ್ಯಕ್ಕೂ ಮುಖಾಮುಖಿ ಭೇಟಿಯಾಗಿದೆ. ಗಿನಿ ನಾಣ್ಯವೂ ಗಿನಿಪಿಗ್ಗೂ ಒಂದನ್ನೊಂದು ನೋಡಿದ್ದೇ ಇಲ್ಲ.

ಕೋಳಿ

ಗಿನಿಕೋಳಿ ಆಫ್ರಿಕಾದ್ದೇ ಹಕ್ಕಿ. ಗ್ರೀಕರಿಗೂ ರೋಮನ್ನರಿಗೂ ಪರಿಚಯವಿತ್ತು. ಮೆಲಿಯಾಗರ್ ಎಂಬ ವೀರ ಸತ್ತಾಗ ಅತ್ತ ಅವನ ತಂಗಿಯರು ಹಕ್ಕಿಗಳಾದರು, ಗರಿಯ ಮೇಲಿನ ಬಿಳಿ ಚುಕ್ಕೆ ಅವರ ಕಣ್ಣೀರು ಎಂಬುದು ಗ್ರೀಕರ ಕಥೆ. ರೋಮನ್ನರು ಉತ್ತರ ಆಫ್ರಿಕಾದ ನುಮಿಡಿಯಾದ ಕೋಳಿ ಎಂದರು. ಇವತ್ತಿನ ವೈಜ್ಞಾನಿಕ ಹೆಸರು ನುಮಿಡಾ ಮೆಲಿಯಾಗ್ರಿಸ್ ಎರಡನ್ನೂ ಇಟ್ಟುಕೊಂಡಿದೆ. ಪೋರ್ಚುಗೀಸರು ಪಶ್ಚಿಮ ಆಫ್ರಿಕಾದಿಂದ ಮತ್ತೆ ತಂದ ಮೇಲೆ, 16ನೇ ಶತಮಾನದ ಉತ್ತರಾರ್ಧದಲ್ಲಿ, ಇಂಗ್ಲಿಷಿಗೆ ಗಿನಿ ಕೋಳಿ ಎಂಬ ಹೆಸರು ಬಂತು. ತವರೂ ದಾರಿಯೂ ಎರಡೂ ಸರಿ.

ಗೊಂದಲ ಶುರುವಾಗುವುದು ಪಕ್ಕದ ಗೂಡಿನಲ್ಲಿ. ಇದೇ ಗಿನಿಕೋಳಿ ತುರ್ಕರ ವ್ಯಾಪಾರದ ದಾರಿಯಿಂದಲೂ ಬರುತ್ತಿದ್ದುದರಿಂದ ಇಂಗ್ಲಿಷರು ಅದನ್ನು ಟರ್ಕಿ ಎಂದೂ ಕರೆದರು. ಆಮೇಲೆ ಅಮೆರಿಕದಿಂದ ದೊಡ್ಡ ಹಕ್ಕಿಯೊಂದು ಬಂತು, ಟರ್ಕಿ ಎಂಬ ಹೆಸರು ಅದರ ಪಾಲಾಯಿತು. ಆ ಅಮೆರಿಕದ ಹಕ್ಕಿಗೆ ಟರ್ಕಿ ದೇಶದಲ್ಲಿ ‘ಹಿಂದಿ’ ಎನ್ನುತ್ತಾರೆ, ಅಂದರೆ ಭಾರತದ್ದು. ಫ್ರೆಂಚರ ‘ದ್ಯಾಂಡ್’ ಎಂದರೂ ಇಂಡಿಯಾದ್ದು. ಡಚ್ಚರ ‘ಕಾಲ್ಕೂನ್’ ನಮ್ಮ ನೆರೆಯ ಕಲ್ಲಿಕೋಟೆಯ ಹೆಸರು. ನಮ್ಮಲ್ಲಿಗೆ ಬರುವ ಹೊತ್ತಿಗೆ ಟರ್ಕಿ ಕೋಳಿ. ಪ್ರತಿಯೊಬ್ಬರೂ ಇನ್ನೊಬ್ಬರ ಮನೆ ತೋರಿಸುತ್ತಾರೆ, ಅಮೆರಿಕದ ಹೆಸರು ಮಾತ್ರ ಇವರಲ್ಲಿ ಯಾರ ಬಾಯಲ್ಲೂ ಇಲ್ಲ. ಜೀವಿಗಳಿಗೆ ವೈಜ್ಞಾನಿಕ ಹೆಸರಿಡುವ ಪದ್ಧತಿ ತಂದ ಲಿನೇಯಸ್ ಕೂಡ ಮೆಲಿಯಾಗ್ರಿಸ್ ಎಂಬ ಗಿನಿಕೋಳಿಯ ಗ್ರೀಕ್ ಹೆಸರನ್ನು ಟರ್ಕಿಯ ಕುಲಕ್ಕೆ ಕೊಟ್ಟು ಗಂಟನ್ನು ಇನ್ನೂ ಬಿಗಿಮಾಡಿದ.

ಗಿನಿಕೋಳಿಯಿಂದ ಒಂದು ಗಿಡಕ್ಕೂ ಹೆಸರು ಇಳಿಯಿತು. 1597ರಲ್ಲಿ ಪ್ರಕಟವಾದ ಜಾನ್ ಜೆರಾರ್ಡನ ಸಸ್ಯಗ್ರಂಥದಲ್ಲಿ ಯುರೋಪಿನದೇ ಒಂದು ಚೌಕುಳಿ ಹೂವಿಗೆ ‘ಗಿನ್ನಿ ಹೆನ್’ ಹೂ ಎಂಬ ಹೆಸರಿದೆ. ಹೂವಿಗೂ ಆಫ್ರಿಕಾಗೂ ಸಂಬಂಧವಿಲ್ಲ. ದಳದ ಮೇಲಿನ ಚುಕ್ಕೆ ಕೋಳಿಯ ಗರಿಯಂತಿದೆ, ಅಷ್ಟೆ. ನಿಘಂಟು ಬರೆಯುವವರು ಇಂಥದನ್ನು ಊರಿನ ಕೆಳಗೆ ಹಾಕದೆ ಕೋಳಿಯ ಕೆಳಗೆ ಹಾಕಬೇಕು.

ಗಿನಿಪಿಗ್

ಪ್ರಕರಣದ ಕಗ್ಗಂಟು ಇದೇ. ಪ್ರಾಣಿ ಹಂದಿಯಲ್ಲ, ಇಲಿ ಅಳಿಲುಗಳ ಪೈಕಿ ದಂಶಕ. ಗಿನಿಯದೂ ಅಲ್ಲ. ತವರು ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಸಾಲು. ಅಲ್ಲಿನ ಜನ ಸಾವಿರಾರು ವರ್ಷಗಳಿಂದ ಮನೆಯೊಳಗೆ ಸಾಕಿ ಮಾಂಸಕ್ಕೆ ಬಳಸುತ್ತಾರೆ, ‘ಕುಯ್’ ಎನ್ನುತ್ತಾರೆ. ಅದು ಕೂಗುವ ಸದ್ದೂ ಹೆಚ್ಚುಕಡಿಮೆ ಹಾಗೇ. ಸ್ಪೇನಿನವರ ಮೂಲಕ ಯುರೋಪಿಗೆ ಬಂತು, 1554ರಲ್ಲಿ ಸ್ವಿಸ್ ವಿದ್ವಾಂಸ ಗೆಸ್ನರ್ ಅದನ್ನು ವರ್ಣಿಸಿದ.

‘ಪಿಗ್’ ಬಂದದ್ದು ಸುಲಭವಾಗಿ ತಿಳಿಯುತ್ತದೆ. ಗುಂಡು ಮೈ, ಬಾಲವಿಲ್ಲ, ಕತ್ತು ಕಾಣದು, ಹೆದರಿದರೆ ಕಿರುಚುತ್ತದೆ. ಬಹುತೇಕ ಎಲ್ಲ ಯುರೋಪಿಯನ್ ಭಾಷೆಗಳೂ ಹಂದಿಯೆಂದೇ ಹೆಸರಿಸಿವೆ. ಲಿನೇಯಸ್ 1758ರಲ್ಲಿ ಇಟ್ಟ ‘ಪೋರ್ಸೆಲಸ್’ ಎಂದರೂ ಹಂದಿಮರಿ. ತೊಡಕಿರುವುದು ‘ಗಿನಿ’ಯಲ್ಲಿ. ನಾಣ್ಯದ ವಾದ ಬಿದ್ದ ಮೇಲೆ ಮೂರು ಉಳಿಯುತ್ತವೆ.

ದಕ್ಷಿಣ ಅಮೆರಿಕದ ಗಯಾನಾ ಇಂಗ್ಲಿಷರ ಕಿವಿಯಲ್ಲಿ ಗಿನಿ ಆಯಿತು ಎಂಬುದು ಮೊದಲನೆಯದು. ಕಿವಿಗೆ ಇಂಪು, ಆದರೆ ಗಯಾನಾ ಇರುವುದು ಅಟ್ಲಾಂಟಿಕ್ ತೀರದಲ್ಲಿ, ಪ್ರಾಣಿ ಇರುವುದು ಖಂಡದ ಆಚೆ ಬದಿಯ ಬೆಟ್ಟದಲ್ಲಿ. ಗಿನಿ ಕರಾವಳಿಯಿಂದ ಅಮೆರಿಕಕ್ಕೆ ಗುಲಾಮರನ್ನು ಸಾಗಿಸುತ್ತಿದ್ದ ‘ಗಿನಿಮ್ಯಾನ್’ ಹಡಗುಗಳಲ್ಲಿ ಇಂಗ್ಲೆಂಡಿಗೆ ಬಂತು ಎಂಬುದು ಎರಡನೆಯದು. ಆ ಹಡಗುಗಳು ತ್ರಿಕೋನದಲ್ಲಿ ಓಡುತ್ತಿದ್ದವು: ಇಂಗ್ಲೆಂಡಿನಿಂದ ಆಫ್ರಿಕಾ, ಅಲ್ಲಿಂದ ಅಮೆರಿಕ, ಅಲ್ಲಿಂದ ಮನೆಗೆ. ಆದರೆ 1653ರ ಹೊತ್ತಿಗೆ ಇಂಗ್ಲಿಷರ ಈ ವ್ಯಾಪಾರ ಇನ್ನೂ ಎಳಸು, ಕಂಪನಿಗೆ ಸನ್ನದು ಸಿಕ್ಕಿದ್ದೇ ಏಳು ವರ್ಷದ ಆಮೇಲೆ.

ಮೂರನೆಯದಕ್ಕೆ ನೆರೆಭಾಷೆಗಳೇ ಸಾಕ್ಷಿ. ಜರ್ಮನ್ನರಿಗೆ ಇದು ‘ಸಮುದ್ರದ ಹಂದಿಮರಿ’, ರಷ್ಯನ್ನರಿಗೂ ಪೋಲಿಷರಿಗೂ ಅಷ್ಟೆ. ಸಮುದ್ರದ್ದು ಎಂದರೆ ಈಜುವುದಲ್ಲ, ಸಮುದ್ರ ದಾಟಿ ಬಂದದ್ದು. ಫ್ರೆಂಚರಿಗೆ ‘ಇಂಡಿಯಾದ ಹಂದಿ’, ಪೋರ್ಚುಗೀಸರಿಗೂ ಇಟಲಿಯವರಿಗೂ ‘ಇಂಡಿಯಾದ ಹಂದಿಮರಿ’, ಸ್ಪೇನಿನವರಿಗೆ ‘ಇಂಡೀಸಿನ ಮೊಲ’. ಡಚ್ಚರಿಗೆ ಇಂಗ್ಲಿಷರಂತೆಯೇ ಗಿನಿಯ ಹಂದಿಮರಿ. ಭಾರತದಲ್ಲಿ ಹುಟ್ಟದ ಪ್ರಾಣಿ ಮೂರು ನಾಲ್ಕು ಭಾಷೆಗಳಲ್ಲಿ ಭಾರತದ್ದಾಗಿ ಕೂತಿದೆ! ಇವನ್ನು ಸಾಲಾಗಿ ಇಟ್ಟರೆ ಯಾರೂ ನಕ್ಷೆ ನೋಡಿ ಹೆಸರಿಡಲಿಲ್ಲ ಎಂಬುದು ಎದ್ದು ಕಾಣುತ್ತದೆ. ಎಲ್ಲರೂ ಹೇಳುತ್ತಿರುವುದು ಒಂದೇ ಮಾತು: ಎಲ್ಲೋ ಕಡಲಾಚೆಯದು.

ಇದನ್ನು ಕನ್ನಡದವರಿಗೆ ಬಿಡಿಸಿ ಹೇಳಬೇಕಿಲ್ಲ, ನಮ್ಮಲ್ಲಿ ಅದಕ್ಕೊಂದು ಪದವೇ ಇದೆ: ಸೀಮೆ. ಮೂಲದಲ್ಲಿ ಸೀಮೆ ಎಂದರೆ ಎಲ್ಲೆ, ಪ್ರದೇಶ. ಆಮೇಲೆ ಕಡಲಾಚೆಯಿಂದ ಬಂದದ್ದಕ್ಕೆಲ್ಲ ಹಚ್ಚುವ ಚೀಟಿಯಾಯಿತು. ಸೀಮೆಬದನೆ ಮೆಕ್ಸಿಕೊ ಕಡೆಯದು, ಬದನೆಯೂ ಅಲ್ಲ. ಸೀಮೆಹುಣಸೆಯೂ ಅಲ್ಲಿನದೇ, ಹುಣಸೆಯಲ್ಲ. ಸೀಮೆಎಣ್ಣೆ, ಸೀಮೆಸುಣ್ಣ ಇಂಥ ಊರಿನವು ಎಂದು ಬೆರಳು ಮಾಡಿ ತೋರಿಸಲಾಗದು. ಹಳೆ ಮೈಸೂರಿನ ಪರಂಗಿ ಹಣ್ಣು ಪರಂಗಿಯವರ ದೇಶದ್ದಲ್ಲ, ಅವರು ಅಮೆರಿಕದಿಂದ ತಂದದ್ದು. ಮಲೆನಾಡಿನಲ್ಲಿ ಸಿಹಿಗುಂಬಳಕ್ಕೆ ಚೀನಿಕಾಯಿ ಎನ್ನುತ್ತಾರೆ, ಅದೂ ಅಮೆರಿಕದ ಕಾಯಿ. 17ನೇ ಶತಮಾನದ ಇಂಗ್ಲಿಷಿನಲ್ಲಿ ಗಿನಿ ಮಾಡಿದ ಕೆಲಸ ಹಲವು ಕಡೆ ಇದೇ. ಗಿನಿಪಿಗ್ಗನ್ನು ಸೀಮೆಹಂದಿ ಎಂದುಕೊಂಡರೆ ಕಗ್ಗಂಟು ಬಿಚ್ಚುತ್ತದೆ. ನಾಲ್ಕು ಪ್ರಶ್ನೆಗಳನ್ನೂ ಹಾಕಿ ನೋಡಿದಾಗ ನಿಲ್ಲುವ ವಿವರಣೆ ಇದೊಂದೇ ಎಂಬುದು ನಮ್ಮ ತೀರ್ಮಾನ.

ಪ್ರಯೋಗಪಶು ಎಂಬ ಅರ್ಥ ತೀರ ಈಚಿನದು. ಕ್ಷಯದ ರೋಗಾಣುವನ್ನು ರಾಬರ್ಟ್ ಕಾಖ್ 1882ರಲ್ಲಿ ಸಾಬೀತುಪಡಿಸಿದ್ದು ಗಿನಿಪಿಗ್‌ಗಳ ಮೇಲೆ, ಏಕೆಂದರೆ ಅವಕ್ಕೆ ಕ್ಷಯ ಬೇಗ ಅಂಟುತ್ತದೆ. ಮನುಷ್ಯರಂತೆ ಅವೂ ಸಿ ಜೀವಸತ್ವವನ್ನು ದೇಹದಲ್ಲಿ ತಯಾರಿಸಲಾರವು ಎಂಬುದು 1907ರಲ್ಲಿ ನಾರ್ವೆಯಲ್ಲಿ ನಡೆದ ಕೆಲಸದಿಂದ ಬೆಳಕಿಗೆ ಬಂತು. ಕನ್ನಡ ಪತ್ರಿಕೆಗಳಲ್ಲಿ ಕೆಲವೊಮ್ಮೆ ಕಾಣುವ ‘ಗಿನಿ ಹಂದಿ’ ಎಂಬ ಅನುವಾದ ಓದುಗನ ಕಣ್ಣ ಮುಂದೆ ನಿಜವಾದ ಹಂದಿಯನ್ನೇ ತರುತ್ತದೆ. ಪ್ರಾಣಿಗೆ ಗಿನಿಪಿಗ್ ಎಂದೇ ಬಿಟ್ಟು, ಮಾತಿನ ಅರ್ಥಕ್ಕೆ ಪ್ರಯೋಗಪಶು ಎಂದು ಬರೆಯುವುದು ಲೇಸು.

ಹುಲ್ಲು, ಜೋಳ, ಮೆಣಸು

ಗಿನಿ ಹುಲ್ಲು ನಿಜವಾಗಿ ಆಫ್ರಿಕಾದ್ದು. 18ನೇ ಶತಮಾನದಲ್ಲಿ ಗಿನಿ ಕರಾವಳಿಯಿಂದ ಜಮೈಕಾಕ್ಕೆ ಪಂಜರದ ಹಕ್ಕಿಗಳ ಕಾಳಾಗಿ ಬಂದ ಬೀಜ ಚೆಲ್ಲಿ ಮೊಳೆಯಿತು, ದನಗಳು ಆಸೆಪಟ್ಟು ಮೇಯುವುದನ್ನು ನೋಡಿ ಜನ ಬೆಳೆಸಿದರು ಎಂದು ಜಮೈಕಾದ ಚರಿತ್ರೆಕಾರ ಬ್ರಯನ್ ಎಡ್ವರ್ಡ್ಸ್ ಬರೆದಿದ್ದಾನೆ. ಹೆಸರು ಗಟ್ಟಿಯಾದದ್ದು ಆಫ್ರಿಕಾದಲ್ಲಲ್ಲ, ಕೆರಿಬಿಯನ್ ದ್ವೀಪಗಳಲ್ಲಿ. ತನ್ನ ತವರಲ್ಲಿ ಅದು ಬರೀ ಹುಲ್ಲು. ಊರು ಬಿಟ್ಟ ಮೇಲೆಯೇ ಯಾರಿಗಾದರೂ ಊರಿನ ಹೆಸರು ಅಂಟುವುದು. ಬೆಳಗಾವಿಯಲ್ಲಿ ಯಾರನ್ನೂ ‘ಬೆಳಗಾವಿಯವರು’ ಎಂದು ಗುರುತಿಸುವುದಿಲ್ಲವಲ್ಲ.

ಭಾರತದಲ್ಲಿ ಇದು 18ನೇ ಶತಮಾನದ ಕೊನೆಯಿಂದ ಇದೆ. ಕರಾವಳಿ, ಮಲೆನಾಡಿನ ತೆಂಗಿನ ತೋಟಗಳಲ್ಲಿ ಬೆಳೆಯಲು ಕಾರಣ ನೆರಳು ತಡೆಯುವ ಗುಣ. ಬೀಜ ಸರಿಯಾಗಿ ಮೊಳೆಯುವುದಿಲ್ಲ, ಒಂದೇ ತೆನೆಯಲ್ಲಿ ಬೇರೆ ಬೇರೆ ಹೊತ್ತಿಗೆ ಬಲಿತು ಉದುರುತ್ತದೆ. ಹಾಗಾಗಿ ಹಳೆಯ ಬುಡ ಸೀಳಿ ಬೇರುಸಹಿತ ತೆಗೆದ ಸಸಿಗಳನ್ನು ಸಾಲಿನಿಂದ ಸಾಲಿಗೆ 50 ಸೆಂ.ಮೀ., ಗಿಡದಿಂದ ಗಿಡಕ್ಕೆ 30 ಸೆಂ.ಮೀ. ಬಿಟ್ಟು ನೆಡುವುದು ವಾಡಿಕೆ. ಹೆಕ್ಟೇರಿಗೆ 66,000ದಷ್ಟು ಬೇಕಾಗುತ್ತದೆ. ನೆಟ್ಟ 45 ದಿನದ ಸುಮಾರಿಗೆ ಮೊದಲ ಕಟಾವು, ಆಮೇಲೂ ಹೆಚ್ಚುಕಡಿಮೆ ಅಷ್ಟೇ ಅಂತರದಲ್ಲಿ. ತಡಮಾಡಿದರೆ ದಂಟು ಬಲಿತು ದನ ಬಿಡುತ್ತದೆ. ನೀರು ನಿಂತರೆ ಬುಡ ಕೊಳೆಯುತ್ತದೆ. ಧಾರವಾಡದ ಮೇವಿನ ಸಂಶೋಧನಾ ಕೇಂದ್ರದಲ್ಲಿ ಈ ಹುಲ್ಲಿನ ಮೇಲೆ ಕೆಲಸ ನಡೆದಿದೆ. ಹೈಬ್ರಿಡ್ ನೇಪಿಯರ್ ಬೇರೆಯೇ ಹುಲ್ಲು. ಅದನ್ನೂ ಗಿನಿಯೆಂದು ಮಾರುವವರಿದ್ದಾರೆ. ನೇಪಿಯರಿನದು ಕಬ್ಬಿನಂಥ ದಪ್ಪ ದಂಟು, ಗಿನಿಯದು ಸಣ್ಣ ದಂಟು, ಬಿಡಿಬಿಡಿಯಾಗಿ ಹರಡಿದ ತೆನೆ.

ಗಿನಿ ಕಾರ್ನ್ ಎಂದರೆ ನಮ್ಮ ಜೋಳವೇ. 1972ರಲ್ಲಿ ಸಸ್ಯವಿಜ್ಞಾನಿಗಳಾದ ಹಾರ್ಲನ್ ಮತ್ತು ಡಿ ವೆಟ್ ಜೋಳವನ್ನು ಐದು ಬಗೆಯಾಗಿ ವಿಂಗಡಿಸಿದಾಗ ಒಂದಕ್ಕೆ ಗಿನಿ ಎಂದೇ ಹೆಸರಿಟ್ಟರು. ಅದರ ತೆನೆ ಸಡಿಲ, ಮಳೆ ಹೆಚ್ಚಿರುವ ಪಶ್ಚಿಮ ಆಫ್ರಿಕಾದಲ್ಲಿ ನೀರು ಬೇಗ ಇಳಿದು ಕಾಳಿಗೆ ಬೂಸು ಹಿಡಿಯುವುದಿಲ್ಲ. ವಿಜಯಪುರ, ಕಲಬುರಗಿ ಕಡೆಯ ಹಿಂಗಾರಿ ಜೋಳ ಆ ಐದರಲ್ಲಿ ಡುರ್ರಾ ಎಂಬ ಬಗೆಯದು. ಬಿಗಿಯಾದ ತೆನೆ, ಒಣ ಹವೆಗೆ ಒಪ್ಪುವಂಥದ್ದು. ಇಂಗ್ಲಿಷ್ ಬರಹದಲ್ಲಿ ಗಿನಿ ಕಾರ್ನ್ ಎಂದು ಕಂಡರೆ ‘ಗಿನಿ ಮೆಕ್ಕೆಜೋಳ’ ಎಂದು ಅನುವಾದಿಸಿದರೆ ಬೆಳೆಯೇ ಬದಲಾಗಿಬಿಡುತ್ತದೆ.

ಮೆಣಸಿನಲ್ಲಿ ಹೆಸರು ಪೂರ್ತಿ ಕಲಸಿದೆ. ಪಶ್ಚಿಮ ಆಫ್ರಿಕಾದ, ಏಲಕ್ಕಿಯ ನೆಂಟನಾದ ಖಾರದ ಕಾಳೊಂದಕ್ಕೆ ಗಿನಿ ಪೆಪ್ಪರ್ ಎನ್ನುತ್ತಿದ್ದರು. ಅದು ನ್ಯಾಯ. ಆದರೆ ಜೆರಾರ್ಡನ 1597ರ ಗ್ರಂಥದಲ್ಲಿ ‘ಗಿನ್ನಿ ಪೆಪ್ಪರ್’ ಎಂದರೆ ಮೆಣಸಿನಕಾಯಿ, ಅಮೆರಿಕದ್ದು. ಇನ್ನೂ ವಿಚಿತ್ರ ಬದನೆಯದು. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಹಿಂದೆ ಬದನೆಗೆ ‘ಗಿನಿ ಸ್ಕ್ವಾಷ್’ ಎನ್ನುತ್ತಿದ್ದರು. ಏಷ್ಯಾದ ಕಾಯಿಗೆ, ಆಫ್ರಿಕಾದ ಹೆಸರು, ಅಮೆರಿಕದಲ್ಲಿ.

ಹುಳು, ಬಟ್ಟೆ, ದ್ವೀಪ

ಗಿನಿ ವರ್ಮ್ ಎಂಬ ಹೆಸರನ್ನು ಗಿನಿ ಕರಾವಳಿಯಲ್ಲಿ ರೋಗ ಕಂಡ ಯುರೋಪಿಯನ್ನರು ಇಟ್ಟರು. ವೈಜ್ಞಾನಿಕ ಹೆಸರಿನಲ್ಲಿರುವುದು ಮದೀನಾ. ರೋಗ ಎರಡೂ ಊರಿಗೆ ಸೀಮಿತವಲ್ಲ, ಕರ್ನಾಟಕವೂ ಸೇರಿ ಭಾರತದ ಏಳು ರಾಜ್ಯಗಳಲ್ಲಿತ್ತು. ಮೆಟ್ಟಿಲುಬಾವಿಯ ನೀರಿನಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಯ ಜೊತೆ ಮರಿಹುಳು ಹೊಟ್ಟೆ ಸೇರಿ, ವರ್ಷದೊಳಗೆ ಮೀಟರಿನಷ್ಟು ಬೆಳೆದು ಕಾಲಿನಲ್ಲಿ ಹುಣ್ಣಾಗಿ ಹೊರಬರುತ್ತದೆ. ಕಡ್ಡಿಗೆ ಸುತ್ತುತ್ತ ದಿನಕ್ಕೆ ಕೆಲವೇ ಸೆಂಟಿಮೀಟರ್ ಎಳೆಯಬೇಕು, ಅವಸರಪಟ್ಟು ಕಡಿದರೆ ಒಳಗುಳಿದದ್ದು ಕೀವಾಗುತ್ತದೆ. ಭಾರತದ ಕೊನೆಯ ರೋಗಿ ಕಂಡದ್ದು 1996ರಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ರೋಗಮುಕ್ತ ಎಂಬ ಪ್ರಮಾಣ ಸಿಕ್ಕಿತು. ನಾರಿನಂತೆ ಹೊರಡುವುದರಿಂದ ನಾರುಹುಣ್ಣು ಎಂದ ಕನ್ನಡ, ಯಾವ ಊರಿಗೂ ಕಳಂಕ ಹಚ್ಚಲಿಲ್ಲ. ಈ ಪಟ್ಟಿಯಲ್ಲೆಲ್ಲ ನಮಗೆ ಹೆಚ್ಚು ಮೆಚ್ಚುಗೆಯಾದ ಹೆಸರು ಇದೇ.

ಬಟ್ಟೆಯದು ಎಲ್ಲಕ್ಕಿಂತ ಉಲ್ಟಾ. ‘ಗಿನೆ’ ಎಂದು ಫ್ರೆಂಚರು ಕರೆದ ನೀಲಿ ಹತ್ತಿಬಟ್ಟೆ ನೇಯುತ್ತಿದ್ದದ್ದು ಪುದುಚೇರಿ ಮತ್ತು ಕೋರಮಂಡಲ ತೀರದಲ್ಲಿ. ಬಣ್ಣ ಇಲ್ಲಿನ ನೀಲಿಗಿಡದ್ದು. ಹೋಗುತ್ತಿದ್ದದ್ದು ಪಶ್ಚಿಮ ಆಫ್ರಿಕಾಕ್ಕೆ. ಸೆನೆಗಲ್ ನದಿಯ ಗೋಂದಿನ ವ್ಯಾಪಾರದಲ್ಲಿ ಈ ಬಟ್ಟೆಯ ತಾನೇ ಹಣದಂತೆ ಓಡಿತು. ಅಂದರೆ ಇಲ್ಲಿ ಹೆಸರು ಸರಕು ಬಂದ ಊರಿನದಲ್ಲ, ಸರಕು ಮಾರಿದ ಊರಿನದು. ಲಂಡನ್ನಿನಲ್ಲಿ ಗಿನಿಯೆಂಬ ಹಣ, ಸೆನೆಗಲ್ಲಿನಲ್ಲಿ ಗಿನೆಯೆಂಬ ಹಣ. ಒಂದು ಆಫ್ರಿಕಾದ ಚಿನ್ನ, ಇನ್ನೊಂದು ತಮಿಳುನಾಡಿನ ಹತ್ತಿ.

1545ರಲ್ಲಿ ಸ್ಪೇನಿನ ನಾವಿಕ ಒರ್ಟಿಸ್ ದ ರೆಟೆಸ್ ಶಾಂತಸಾಗರದ ದೊಡ್ಡ ದ್ವೀಪವೊಂದಕ್ಕೆ ನ್ಯೂ ಗಿನಿ ಎಂದದ್ದು ಅಲ್ಲಿನ ಜನರ ಮೈಬಣ್ಣ ನೋಡಿ. ಬೆರ್ಬರರ ‘ಅಗ್ನಾವ್’ ಅರ್ಥಕ್ಕೇ ಪದ ತನಗರಿವಿಲ್ಲದೆ ಮರಳಿತು. ನರ್ಸರಿಗಳಲ್ಲಿ ಸಿಗುವ ನ್ಯೂ ಗಿನಿ ಇಂಪೇಷನ್ಸ್ ಹೂಗಿಡದ ಮೂಲ ಆ ದ್ವೀಪ, ಆಫ್ರಿಕಾ ಅಲ್ಲ.

ಕನ್ನಡ ನಿಘಂಟಿನಲ್ಲಿ

ಇಷ್ಟಾದ ಮೇಲೆ ‘ಗಿನಿ’ ಪದದ ನಮೂದು ಹೀಗಿದ್ದರೆ ಸಾಕು:

ಗಿನಿ — 1. ಪಶ್ಚಿಮ ಆಫ್ರಿಕಾದ ಕರಾವಳಿಗೆ ಹಿಂದಿದ್ದ ಹೆಸರು. ಈಗ ಅಲ್ಲಿನ ಮೂರು ದೇಶಗಳ ಹೆಸರಿನಲ್ಲಿದೆ. ಪೋರ್ಚುಗೀಸ್ ‘ಗಿನೆ’ಯಿಂದ ಇಂಗ್ಲಿಷಿನ ಮೂಲಕ, ಬಹುಶಃ ಬೆರ್ಬರ್ ಮೂಲ. 2. (1ರಿಂದ) 1663ರಿಂದ 1814ರವರೆಗೆ ಚಲಾವಣೆಗೆ ಬಿಟ್ಟ ಇಂಗ್ಲಿಷ್ ಚಿನ್ನದ ನಾಣ್ಯ. 1717ರಿಂದ 21 ಶಿಲಿಂಗ್. 3. (2ರಿಂದ, ಭಾರತದಲ್ಲಿ) ಸಾವರಿನ್. 22 ಕ್ಯಾರಟ್ ಚಿನ್ನ. 4. (1ರಿಂದ, ಸಮಾಸದಲ್ಲಿ) ಆ ಕರಾವಳಿಯಿಂದ ಬಂದ: ಗಿನಿಕೋಳಿ, ಗಿನಿ ಹುಲ್ಲು. 5. (ಸಮಾಸದಲ್ಲಿ) ಕಡಲಾಚೆಯ, ಸೀಮೆ: ಗಿನಿಪಿಗ್.

ನಾಲ್ಕು ಮತ್ತು ಐದನ್ನು ಒಂದುಮಾಡಬಾರದು. ಐದನ್ನು ಎರಡರ ಕೆಳಗೆ ಹಾಕಲೇಬಾರದು. ‘ಗಿಣಿ’ ಇದೇ ಪುಟದ ಆಸುಪಾಸಿನಲ್ಲಿ ಬರುತ್ತದೆ. ಅದು ಗಿಳಿಯ ಇನ್ನೊಂದು ರೂಪ, ಅಚ್ಚ ಕನ್ನಡದ್ದು, ಯಾವ ಹಡಗನ್ನೂ ಹತ್ತಿದ್ದಲ್ಲ.